ತಾನೇ ಕಚ್ಚಿಕೊಳ್ಳುವ ಬೆಂಡು

ನನ್ನ ಅತ್ತೆಗೂ ನನಗೂ ಮದುವೆಯಾದ ವಾರದಿಂದಲೇ ಆಗಿಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಬರುವ ಮೀನಿನ ಸಂಗತಿ ಓದಿ, ಅಂತೂ ಅತ್ತೆ ಸೊಸೆ ಒಂದಾದರಲ್ಲ ಎಂದು ಯಾರಾದರೂ ಕಣ್ಣೊರೆಸಿಕೊಂಡರೆ ಅದಕ್ಕೆ ನಾನು ಹೊಣೆಯಲ್ಲ. ಅವರು ಧಾರವಾಡದ ಕಡೆಯವರು, ನಾನು ತುಮಕೂರಿನವಳು. ನಾನು ಬಡಿದ ಮೊದಲ ಜೋಳದ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಇದು ಮುದ್ದೆ ತಿರುವುವ ಕೈ ಎಂದು ಮನೆಯವರೆಲ್ಲರ ಎದುರಿಗೆ ಹೇಳಿ ಪಕ್ಕಕ್ಕಿಟ್ಟವರು ಅವರು. ಆಮೇಲೆ ಆ ರೊಟ್ಟಿಯನ್ನು ಎಮ್ಮೆಗೆ ಹಾಕಿದರು. ಎಮ್ಮೆ ಚಪ್ಪರಿಸಿಕೊಂಡು ತಿಂದಿತು. ಎರಡನ್ನೂ ನಾನು ಮರೆತಿಲ್ಲ.

2020ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸಿನ ಏರ್‌ಪೋರ್ಟಿನಿಂದ ಅವರನ್ನು ಸ್ಯಾನ್ ಡಿಯೇಗೋಗೆ ಕರೆದುಕೊಂಡು ಬಂದಾಗ ಮೂರು ತಿಂಗಳ ಮಾತಾಗಿತ್ತು. ಮಾರ್ಚಿನಲ್ಲಿ ವಿಮಾನಗಳು ನಿಂತವು. ಸ್ಕ್ರಿಪ್ಸ್ ರ್ಯಾಂಚಿನ ನಮ್ಮ ಮನೆಯಲ್ಲಿ ಎಲ್ಲರೂ ಒಂದೊಂದು ಮೂಲೆ ಹಿಡಿದರು. ಗಂಡ ಗ್ಯಾರೇಜಿನಲ್ಲಿ ಟೇಬಲ್ ಹಾಕಿಕೊಂಡು ಮೀಟಿಂಗ್ ಶುರು ಮಾಡಿದ. ಪೊಮೊನಾದ ಕ್ಯಾಂಪಸ್ಸಿನಿಂದ ಗಂಟುಮೂಟೆ ಸಮೇತ ವಾಪಸ್ ಬಂದ ಮಗಳು ಮೇಲಿನ ರೂಮಿನ ಬಾಗಿಲು ಹಾಕಿಕೊಂಡಳು. ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಬಾಗಿಲ ಹಿಂದಿನಿಂದ ಇಂಗ್ಲಿಷಿನಲ್ಲಿ ಉತ್ತರ ಬರುತ್ತಿತ್ತು. ನನಗೆ ಉಳಿದದ್ದು ಡೈನಿಂಗ್ ಟೇಬಲ್. ಅದು ಅಡುಗೆಮನೆಗೆ ಅಂಟಿಕೊಂಡಿದೆ, ಅಡುಗೆಮನೆ ಅತ್ತೆಯ ವಶವಾಗಿತ್ತು.

ನಾನು ಕಾರ್ಲ್ಸ್‌ಬಾಡಿನ ಒಂದು ಕಂಪನಿಯಲ್ಲಿ ಆಸ್ಪತ್ರೆಗಳಿಗೆ ಬೇಕಾದ ಪುಟ್ಟ ಕ್ಲಿಪ್ಪುಗಳನ್ನು ಡಿಸೈನ್ ಮಾಡುತ್ತೇನೆ. ರೋಗಿಯ ಮೈಯೊಳಗೆ ಹೋಗುವ ಸಣ್ಣ ಕೊಳವೆಯನ್ನು ಅದು ಜಾರದಂತೆ ಹಿಡಿಯಬೇಕು, ಬಿಡಬೇಕಾದಾಗ ಬಿಡಬೇಕು. ಹಿಡಿತದ ಬಗ್ಗೆ ಹದಿನೆಂಟು ವರ್ಷ ಕೆಲಸ ಮಾಡಿದ ನನ್ನನ್ನು, ಮೀಟಿಂಗಿನ ಮಧ್ಯೆ, ಕ್ಯಾಮೆರಾ ಆನ್ ಇರುವಾಗ, ಅತ್ತೆ ಹಿಂದಿನಿಂದ ಕರೆಯುತ್ತಿದ್ದರು. ಬಳ್ಳೊಳ್ಳಿ ಎಲ್ಲಿದೆ, ಶೇಂಗಾ ಪುಡಿಗೆ ಮಿಕ್ಸಿ ಯಾಕೆ ಬೇಕು, ಈ ಹಂಚು ಯಾಕೆ ಕಾಯುವುದಿಲ್ಲ. ಗ್ಯಾರೇಜಿನಲ್ಲಿ ಕೂತಿದ್ದ ಮಗನನ್ನು ಒಂದು ದಿನವೂ ಕರೆಯಲಿಲ್ಲ. ಅವನಿಗೆ ಕೆಲಸ ಇರುತ್ತದೆ ಎಂದು ಅವರಿಗೆ ಗೊತ್ತಿತ್ತು.

ನಮ್ಮ ಮನೆಯಿಂದ ಹತ್ತು ನಿಮಿಷ ಡ್ರೈವ್ ಮಾಡಿದರೆ ಒಂದು ಕುಡಿಯುವ ನೀರಿನ ಕೆರೆ. ಕೆಲವು ವಾರ ಅದರ ಗೇಟನ್ನೂ ಮುಚ್ಚಿದ್ದರು, ಮತ್ತೆ ತೆರೆದರು. ಬೆಳಿಗ್ಗೆ ಆರಕ್ಕೆ ವಾಕಿಂಗ್ ಎಂದು ಹೇಳಿ ನಾನು ಅಲ್ಲಿಗೆ ಹೋಗತೊಡಗಿದೆ. ಕೆರೆಯ ಒಂದು ಮೂಲೆಯಲ್ಲಿ ಇಂಗ್ಲೆಂಡಿನಿಂದ ಬಂದು ನೆಲೆಸಿದ ಒಬ್ಬ ಮುದುಕ ಮಡಚುವ ಕುರ್ಚಿ ಹಾಕಿಕೊಂಡು ಗಾಳ ಹಾಕುತ್ತಿದ್ದ. ಮಾಸ್ಕು ಒಂದು ಕಿವಿಗೆ ಮಾತ್ರ ನೇತಾಡುತ್ತಿತ್ತು. ಅವನು ನನಗೆ ಹೇಳಿದ ಮೊದಲ ಮಾತೇ, ನಿನ್ನ ನೆರಳು ನೀರಿನ ಮೇಲೆ ಬೀಳುತ್ತಿದೆ, ಆಚೆ ಹೋಗು ಎಂದು. ಮಾರನೆಯ ದಿನ ಬೇಕೆಂದೇ ಅಲ್ಲೇ ಹೋಗಿ ನಿಂತೆ. ಹೀಗೆ ಎರಡು ವಾರ ಜಗಳವಾಡಿದ ಮೇಲೆ ಒಂದು ದಿನ ಅವನಿಗೆ ತುರ್ತಾಗಿ ಪೊದೆಯ ಹಿಂದೆ ಹೋಗಬೇಕಾಗಿ ಬಂತು. ಕೋಲನ್ನು ನನ್ನ ಕೈಗೆ ತುರುಕಿ, ಕೆಂಪು ತುದಿಯನ್ನು ನೋಡುತ್ತಿರು, ಮಾತಾಡಬೇಡ ಎಂದು ಹೋದ.

ನೀರಿನ ಮೇಲೆ ಬೆಂಕಿಕಡ್ಡಿಯಷ್ಟು ಕೆಂಪು. ಅದನ್ನೇ ನೋಡಿದೆ. ಅದು ಎರಡು ಸಲ ನಡುಗಿತು, ಓರೆಯಾಗಿ ಸರಿಯಿತು, ಮುಳುಗಿತು. ಆ ಕ್ಷಣದಲ್ಲಿ ನನ್ನ ತಲೆಯೊಳಗೆ ಯಾರ ದನಿಯೂ ಇರಲಿಲ್ಲ. ಮಾರ್ಚಿನಿಂದ ಮೊದಲ ಬಾರಿಗೆ.

ನಾನು ಲಿಂಗ ಕಟ್ಟುವ ಮನೆಯಲ್ಲಿ ಹುಟ್ಟಿ ಲಿಂಗ ಕಟ್ಟುವ ಮನೆಗೆ ಬಂದವಳು. ಮೊಟ್ಟೆ ಹಾಕಿದ ಕೇಕನ್ನೂ ಮನೆಗೆ ತರುವುದಿಲ್ಲ. ಅಂಥವಳು ಆ ವಾರವೇ ಆನ್‌ಲೈನಿನಲ್ಲಿ ಲೈಸೆನ್ಸಿಗೆ ಅಪ್ಲೈ ಮಾಡಿದೆ, ಮಡಚುವ ಗಾಳದ ಕೋಲೊಂದನ್ನು ತರಿಸಿ ಕಾರಿನ ಡಿಕ್ಕಿಯಲ್ಲಿ ಯೋಗಾ ಮ್ಯಾಟಿನೊಳಗೆ ಸುತ್ತಿಟ್ಟೆ. ಗಂಡನಿಗೆ ಹೇಳಲಿಲ್ಲ. ಹೇಳಿದ್ದರೆ ಅವನು ನಗುತ್ತಿದ್ದ, ಆಮೇಲೆ ಅವ್ವನಿಗೆ ಹೇಳುತ್ತಿದ್ದ, ಆಮೇಲೆ ನನಗೆ ಆ ಒಂದು ತಾಸೂ ಇರುತ್ತಿರಲಿಲ್ಲ. ಈ ಬರಹದ ಬಗ್ಗೆಯೂ ಹೆದರಿಕೆಯಿಲ್ಲ. ನಾನು ಬರೆದದ್ದನ್ನು ಅವನು ಇವತ್ತಿನವರೆಗೆ ಒಂದಕ್ಷರ ಓದಿಲ್ಲ.

ಪಾಪಪ್ರಜ್ಞೆಗೆ ನಾನೇ ಒಂದು ಮದ್ದು ಮಾಡಿಕೊಂಡಿದ್ದೆ. ಹುಳ ಹಾಕುವುದಿಲ್ಲ, ಬಿಸಿನೀರಲ್ಲಿ ನಾದಿದ ಜೋಳದ ಹಿಟ್ಟಿಗೆ ಬೆಲ್ಲ, ಚಿಟಿಕೆ ಇಂಗು ಸೇರಿಸಿದ ಉಂಡೆಯೇ ಎರೆ. ಆ ಕೆರೆಯ ಗೆಂಡೆ ಮೀನುಗಳಿಗೆ ನನ್ನ ಅತ್ತೆಗಿಂತ ನಾಲಿಗೆ ಚೆನ್ನಾಗಿತ್ತು, ನನ್ನ ಹಿಟ್ಟನ್ನು ಒಂದೂ ಬೇಡ ಅನ್ನಲಿಲ್ಲ. ಗಾಳದ ಕೊಕ್ಕೆಗೆ ಹಿಮ್ಮುಳ್ಳಿಲ್ಲ, ಸಲೀಸಾಗಿ ಬಿಡಿಸಬಹುದು. ಹಿಡಿದದ್ದನ್ನು ತಿನ್ನುವುದಿಲ್ಲ, ಕೊಲ್ಲುವುದಿಲ್ಲ, ಮುಟ್ಟುವುದೂ ಇಲ್ಲ. ದಡಕ್ಕೆ ಬಂದ ಮೀನಿನ ಬಾಯಿಂದ ಉದ್ದನೆಯ ಚಿಮಟದಲ್ಲಿ ಗಾಳ ಬಿಡಿಸಿ ನೀರಿನಲ್ಲೇ ಬಿಡುವುದು. ಮುದುಕ ಎರಡು ಮಾತು ಪದೇ ಪದೇ ಹೇಳುತ್ತಿದ್ದ: ಬಲೆ ತಗೋ, ಕೈ ಒದ್ದೆ ಮಾಡಿಕೊಂಡು ಮೀನನ್ನು ಹಿಡಿ. ಬಲೆಯನ್ನು ಯೋಗಾ ಮ್ಯಾಟಿನಲ್ಲಿ ಬಚ್ಚಿಡಲಾಗದು. ಮೀನನ್ನು ಹಿಡಿಯುವುದನ್ನು ನೆನೆದರೇ ನನ್ನ ಮೈ ಜುಂ ಅನ್ನುತ್ತಿತ್ತು. ಅವನು ನನ್ನನ್ನು ನೋಡಿ, ನಿನ್ನಂಥ ಸ್ವಚ್ಛ ಮನುಷ್ಯರಿಂದಲೇ ಮೀನಿಗೆ ಹೆಚ್ಚು ಕಷ್ಟ ಎಂದ. ಆ ದಿನ ಅವನಿಗೆ ಟಾಟಾ ಕೂಡ ಹೇಳದೆ ಬಂದೆ.

ಇನ್ನು ಬೆಂಡಿನ ವಿಷಯ, ಅಂದರೆ ಗಾಳದ ದಾರದ ಮೇಲೆ ಕೆಂಪು ತುದಿ ಎತ್ತಿ ತೇಲುವ ಆ ಕಡ್ಡಿ. ಸಾಮಾನ್ಯ ಬೆಂಡನ್ನು ದಾರದ ಮೇಲೆ ನಿಲ್ಲಿಸಲು ಅದರ ಆಚೆಈಚೆ ಸೀಸದ ಗುಂಡುಗಳನ್ನು ಅಮುಕಬೇಕು. ಮುದುಕ ಅವನ್ನು ಹಲ್ಲಲ್ಲಿ ಕಚ್ಚಿ ಮುಚ್ಚುತ್ತಿದ್ದ, ನೋಡಿದರೆ ವಾಕರಿಕೆ ಬರುತ್ತಿತ್ತು. ಅವನ ಪೆಟ್ಟಿಗೆಯಲ್ಲಿ ಇನ್ನೊಂದು ಜಾತಿ ಇತ್ತು. ತಾನೇ ದಾರ ಕಚ್ಚಿಕೊಳ್ಳುವ ಬೆಂಡು. ಅದರ ಬುಡದಲ್ಲಿ ಹಿತ್ತಾಳೆಯ ತೂಕ, ತೂಕದ ಮೇಲೆ ರಬ್ಬರಿನ ಸಣ್ಣ ಬಾಯಿ. ದಾರವನ್ನು ಆ ಬಾಯಿಗೆ ಕೊಟ್ಟು ತಿರುಗಿಸಿದರೆ ಸಾಕು, ಹಿಡಿದುಕೊಳ್ಳುತ್ತದೆ. ಗುಂಡು ಬೇಡ, ಹಲ್ಲು ಬೇಡ. ಆಳ ಹೆಚ್ಚುಕಡಿಮೆ ಮಾಡಬೇಕಾದರೆ ಸಡಿಲಿಸಿ ಸರಿಸಿದರಾಯಿತು. ಅಂಥವು ಮೂರನ್ನು ಅವನು ನನಗೆ ಕೊಟ್ಟ, ಅವನ ಹೆಂಡತಿಗೆ ಗೊತ್ತಾದರೆ ಬೈಯುತ್ತಾಳೆ ಎಂದು ಸೇರಿಸಿ.

ಕ್ಲಿಪ್ಪುಗಳ ಹೆಂಗಸಿನ ಕೈಗೆ ಇಂಥ ಕ್ಲಿಪ್ಪು ಸಿಕ್ಕರೆ ಕೇಳಬೇಕೆ. ಇಂಗ್ಲೆಂಡಿನಿಂದ ಇನ್ನೊಂದು ಡಜನ್ ತರಿಸಿದೆ. ಆ ವರ್ಷದ ಟಪಾಲಿನಲ್ಲಿ ಅವು ಬರುವಷ್ಟರಲ್ಲಿ ಜೂನ್ ಮುಗಿದಿತ್ತು. ಒಂದೊಂದನ್ನೂ ಮಾಪಕದಲ್ಲಿ ಅಳೆದೆ. ಎಲ್ಲ ದಪ್ಪದ ದಾರಕ್ಕೂ ನಡೆಯುತ್ತದೆ ಎಂದು ಪ್ಯಾಕೆಟ್ಟುಗಳ ಮೇಲೆ ಬರೆದಿರುತ್ತದೆ, ಅದು ಶುದ್ಧ ಸುಳ್ಳು. ಸಣ್ಣ ದಾರಕ್ಕೆ ಮೆತ್ತನೆಯ ರಬ್ಬರು ಬೇಕು, ದಪ್ಪ ದಾರಕ್ಕೆ ಗಟ್ಟಿಯದು. ತೂಕ ಕಡಿಮೆಯಾದರೆ ಮಧ್ಯಾಹ್ನದ ಗಾಳಿಗೆ ಬೆಂಡು ದಡಕ್ಕೆ ಬಂದು ಕೂರುತ್ತದೆ, ಹೆಚ್ಚಾದರೆ ಬಿದ್ದ ಸದ್ದಿಗೇ ಮೀನು ಓಡುತ್ತದೆ. ಬೆಳಗಿನ ಕಪ್ಪು ನೀರಿಗೆ ಕೆಂಪು ತುದಿ ಒಳ್ಳೆಯದು, ಬಿಸಿಲು ಎದುರಿಗಿದ್ದರೆ ಕಪ್ಪು ತುದಿಯೇ ಕಾಣುವುದು. ಇದನ್ನೆಲ್ಲ ಒಂದು ಹಾಳೆಯಲ್ಲಿ ಪಟ್ಟಿ ಮಾಡಿ ಮುದುಕನಿಗೆ ತೋರಿಸಿದೆ. ಅವನು ಆ ಹಾಳೆಯಲ್ಲಿ ಚಾಕು ಒರೆಸಿದ.

ತೊಂದರೆ ಒಂದೇ. ಎಸೆದಾಗಲೆಲ್ಲ ಬೆಂಡು ದಾರದ ಮೇಲೆ ನಾಲ್ಕು ಬೆರಳು ಜಾರುತ್ತಿತ್ತು. ಆಳ ತಪ್ಪುತ್ತಿತ್ತು. ದಾರವನ್ನು ಒದ್ದೆ ಮಾಡು, ಬುಡಕ್ಕೆ ಎರಡು ಸುತ್ತು ಸುತ್ತಿ ಆಮೇಲೆ ಬಾಯಿಗೆ ಕೊಡು, ಬೆರಳಲ್ಲಿ ಎಳೆದು ನೋಡು. ಮೆಲ್ಲಗೆ ಎಳೆದರೆ ನಿಲ್ಲಬೇಕು, ಜೋರಾಗಿ ಎಳೆದರೆ ಬಿಡಬೇಕು ಎಂದು ಅವನು ಹೇಳಿದ. ಬಿಡುವುದು ಯಾಕೆ ಎಂದು ಕೇಳಿದೆ. ದಾರ ಹರಿದರೆ ಬೆಂಡು ಮೀನಿನ ಜತೆ ಹೋಗಬಾರದು, ಕಳಚಿಕೊಂಡು ತಾನೊಂದೇ ತೇಲಬೇಕು ಎಂದ. ಇದನ್ನು ಅವನು ಮೂರು ಸಲ, ಕಿವುಡರಿಗೆ ಹೇಳುವ ಹಾಗೆ ಹೇಳಿದ. ಬಿಡುವ ಕ್ಲಿಪ್ಪಿನ ಬಗ್ಗೆ ನನಗೆ ಪಾಠ! ಸುತ್ತಿದರೆ ದಾರ ಮುರುಟುತ್ತದೆ, ಇದು ಎಂಜಿನಿಯರಿಂಗ್ ಅಲ್ಲ, ಮುದುಕರ ಮೂಢನಂಬಿಕೆ ಎಂದು ನಾನು ತೀರ್ಮಾನಿಸಿದೆ.

ಅತ್ತೆ ಮೊಮ್ಮಗಳಿಗೆಂದು ಒಂದು ಸೀರೆಯ ಸೆರಗಿಗೆ ಕಸೂತಿ ಹಾಕುತ್ತಿದ್ದರು. ಅವರ ನೂಲುಗಳು ಬಿಸ್ಕತ್ತಿನ ಡಬ್ಬಿಯಲ್ಲಿ ಇರುತ್ತಿದ್ದವು. ಅದರಿಂದ ಗಿಳಿಹಸಿರು ರೇಷ್ಮೆಯ ನೂಲನ್ನು ಒಂದು ಮೊಳ ಕತ್ತರಿಸಿಕೊಂಡೆ. ಬೆಂಡಿನ ಮೇಲೊಂದು, ಕೆಳಗೊಂದು, ದಾರದ ಸುತ್ತ ಬಿಗಿಯಾಗಿ ಗಂಟು ಹಾಕಿದೆ. ಆಮೇಲೆ ಬೆಂಡು ಕೂದಲೆಳೆಯಷ್ಟೂ ಜಾರಲಿಲ್ಲ. ನನಗೆ ಬಹಳ ಹೆಮ್ಮೆಯಾಯಿತು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಆ ಮೀನು ಬಂತು. ಆ ವಾರ ಮುದುಕ ಬಂದಿರಲಿಲ್ಲ. ಕೋಲು ಬಿಲ್ಲಿನ ಹಾಗೆ ಬಗ್ಗಿತು, ಇಪ್ಪತ್ತು ನಿಮಿಷ ಅದು ನನ್ನನ್ನು ಆಡಿಸಿತು, ಕೊನೆಗೆ ದಡದ ಕಲ್ಲಿನ ಹತ್ತಿರ ಬಂದು ಮಗ್ಗುಲಾಯಿತು. ನನ್ನ ತೋಳಿಗಿಂತ ಉದ್ದದ ಗೆಂಡೆ. ಗಾಳ ಬಾಯಿಯ ಒಳಮೂಲೆಯಲ್ಲಿತ್ತು. ಚಿಮಟ ಹಾಕಲು ಹೋದರೆ ತಲೆ ಕೊಡವುತ್ತಿತ್ತು. ಒಂದು ಕೈಯಲ್ಲಿ ಅದನ್ನು ಹಿಡಿದುಕೊಳ್ಳದೆ ಬೇರೆ ದಾರಿಯೇ ಇರಲಿಲ್ಲ. ನಾನು ಕೈ ಚಾಚಿದೆ, ಬೆರಳು ಅದರ ಮೈಗೆ ತಾಗುವ ಮುಂಚೆ ಹಿಂದಕ್ಕೆ ತೆಗೆದುಕೊಂಡೆ. ಮತ್ತೆ ಚಾಚಿದೆ. ಆಗಲಿಲ್ಲ. ಅದು ಬಾಯಿ ತೆರೆದು ಮುಚ್ಚುತ್ತಿತ್ತು. ಕಿಸೆಯಲ್ಲಿ ಫೋನು ಬಡಿದುಕೊಳ್ಳುತ್ತಿತ್ತು, ಮನೆಯಿಂದಲೇ. ಕತ್ತರಿ ತೆಗೆದು ಕೈಗೆ ಸಿಕ್ಕ ಕಡೆ, ಕೋಲಿನ ತುದಿಯ ಹತ್ತಿರ, ದಾರ ಕತ್ತರಿಸಿಬಿಟ್ಟೆ.

ಮೀನು ಒಳಗೆ ಹೋಯಿತು. ಬೆಂಡೂ ಹೋಯಿತು. ಕಳಚಿಕೊಂಡು ಮೇಲೆ ಬರಲಿ ಎಂದು ಕಾದೆ. ಬಹಳ ದೂರದಲ್ಲಿ ಕೆಂಪು ತುದಿ ಮೇಲೆ ಬಂತು, ನಿಲ್ಲಲಿಲ್ಲ, ನೀರನ್ನು ಸೀಳಿಕೊಂಡು ಹೋಗುತ್ತಲೇ ಇತ್ತು. ಕಳಚಿಕೊಳ್ಳದ ಹಾಗೆ ನಾನೇ ಕಟ್ಟಿದ್ದೆ.

ಅದೇ ವಾರ ಅತ್ತೆಯ ಸಕ್ಕರೆ ಏರಿತು. ದಿನಾ ಬೆಳಿಗ್ಗೆ ಅವ್ವನನ್ನೂ ವಾಕಿಂಗಿಗೆ ಕರೆದುಕೊಂಡು ಹೋಗು ಎಂದು ಗಂಡ ಗ್ಯಾರೇಜಿನಿಂದ ಅಪ್ಪಣೆ ಕೊಟ್ಟ. ಹೀಗೆ ನನ್ನ ತಾಸು ಹೋಯಿತು. ಇಲಕಲ್ ಸೀರೆ, ಅದರ ಮೇಲೆ ಮಗನ ಜಾಕೆಟ್ಟು, ಕಾಲಿಗೆ ಮೊಮ್ಮಗಳ ಶೂ, ಕೈಯಲ್ಲಿ ಡೊಂಕು ಹಿಡಿಯ ಕೋಲು. ಅರ್ಧ ಮೈಲಿ ನಡೆದು ಒಂದು ಬೆಂಚಿನ ಮೇಲೆ ಕೂತು ಕೆರೆ ನೋಡುತ್ತಿದ್ದರು. ಎರಡನೆಯ ದಿನವೇ ಕೇಳಿದರು, ಅದೇನು ಕೆಂಪಗೆ ಎಂದು. ಪ್ಲಾಸ್ಟಿಕ್ ಕಸ ಇರಬೇಕು ಎಂದೆ. ಮೂರನೆಯ ದಿನ ಅದು ಆಚೆ ದಡದಲ್ಲಿತ್ತು. ನಾಲ್ಕನೆಯ ದಿನ ಬೆಂಚಿನ ಎದುರಿಗೇ ಬಂದು, ಒಂದು ಸಲ ಮುಳುಗಿ, ಗಾಳಿಗೆ ಎದುರಾಗಿ ಹೊರಟಿತು. ಅತ್ತೆ ಎದ್ದು ನಿಂತರು.

"ಅದರ ಬುಡಕ ಜೀವ ಐತಿ," ಎಂದರು. ಕೋಲನ್ನು ನೆಲಕ್ಕೆ ಊರಿ, "ಇದನ್ನ ಮಾಡಿದ ಕೈ ಸೇದಿ ಹೋಗ್ಲಿ."

ನಾನು ಎರಡೂ ಕೈಗಳನ್ನು ಜಾಕೆಟ್ಟಿನ ಕಿಸೆಯಲ್ಲಿಟ್ಟುಕೊಂಡೆ. ಗಾಳದವರು ಯಾರೋ ಇರಬೇಕು ಎಂದೆ. ಮುದುಕನನ್ನು ಹೇಗಾದರೂ ಹುಡುಕಿ ಹೇಳಬಹುದಿತ್ತು, ಅವನು ಏನಾದರೂ ಉಪಾಯ ಹುಡುಕುತ್ತಿದ್ದ. ಕೆರೆಯ ಕಾವಲಿನವರಿಗೆ ಹೇಳಬಹುದಿತ್ತು. ಹೇಳಿದರೆ ಗಂಟಿನ ವಿಷಯ ಹೊರಗೆ ಬರುತ್ತಿತ್ತು. ಹಿಡಿತದ ಎಂಜಿನಿಯರು ಎಂಬ ನನ್ನ ಜಂಬ ಉಳಿಯಲಿ ಎಂದು ಒಂದು ಮೀನನ್ನು ಒಂದು ವಾರ ಬೆಂಡು ಎಳೆಯಲು ಬಿಟ್ಟೆ. ಅದು ದಿನದಿನಕ್ಕೆ ನಿಧಾನವಾಗುತ್ತಿದ್ದದ್ದು ನನಗೆ ಕಾಣುತ್ತಿತ್ತು. ಅತ್ತೆಗೂ ಕಾಣುತ್ತಿತ್ತು. ಅವರು ಕೆರೆಗೆ ಹೋಗುವ ದಾರಿಯಲ್ಲೇ ಕೇಳುತ್ತಿದ್ದರು, ಇವತ್ತು ಇರುತ್ತದೋ ಇಲ್ಲವೋ ಎಂದು. ಅವರ ಆ ಕಳಕಳಿಯೂ ನನಗೆ ಸಹಿಸಲಾಗುತ್ತಿರಲಿಲ್ಲ. ನನ್ನ ಬಗ್ಗೆ ಅವರು ಹಾಗೆ ಒಂದು ದಿನವಾದರೂ ಕೇಳಿದ್ದರೆ ಎಂದು ಸಿಟ್ಟು ಬರುತ್ತಿತ್ತು.

ಮನೆಯಲ್ಲಿ ಬೇರೆ ರಗಳೆ. ಜೋಳದ ಹಿಟ್ಟು ಇಂಡಿಯನ್ ಸ್ಟೋರಿನಲ್ಲಿ ಸಿಗುವುದು ಕಷ್ಟವಾಗಿದ್ದ ಕಾಲ ಅದು. ಅತ್ತೆ ಡಬ್ಬಿಯೊಳಗಿನ ಹಿಟ್ಟಿನ ಮೇಲೆ ಬೆರಳಲ್ಲಿ ಗೆರೆ ಎಳೆದಿಡುತ್ತಿದ್ದರಂತೆ. ಬೇಸಿಗೆಯಿಡೀ ಗೆರೆ ಅಳಿಸಿಹೋಗಿದ್ದನ್ನು ನೋಡಿಯೂ ಬಾಯಿ ಬಿಟ್ಟಿರಲಿಲ್ಲ. ಆ ವಾರ ಊಟಕ್ಕೆ ಕೂತಾಗ ಮಗನಿಗೆ ಹೇಳುವ ಹಾಗೆ ನನಗೆ ಹೇಳಿದರು, "ಈ ಮನ್ಯಾಗ ಹಿಟ್ಟ ತಿನ್ನೂ ಇಲಿ ಐತಿ ನೋಡಪಾ. ಎರಡ ಕಾಲಿನ ಇಲಿ." ಗಂಡ ಇಲಿ ಹಿಡಿಯುವವರಿಗೆ ಫೋನ್ ಮಾಡಬೇಕೇ ಎಂದು ಕೇಳಿದ.

ಎಂಟನೆಯ ಬೆಳಿಗ್ಗೆ ಕೆಂಪು ತುದಿ ಓಡಾಡುತ್ತಿರಲಿಲ್ಲ. ಬೆಂಚಿನಿಂದ ಸ್ವಲ್ಪ ಕೆಳಗೆ, ದಡಕ್ಕೆ ಹತ್ತಿದ ಜೊಂಡಿನಲ್ಲಿ ಸಿಕ್ಕಿಕೊಂಡು, ಇದ್ದಲ್ಲೇ ಸಣ್ಣಗೆ ಕುಣಿಯುತ್ತಿತ್ತು. ಸತ್ತಿರಬೇಕು, ಹೋಗೋಣ ಎಂದೆ. ಸತ್ತದ್ದು ಕುಣಿಯುವುದಿಲ್ಲ ಎಂದು ಅತ್ತೆ ದಡ ಇಳಿಯತೊಡಗಿದರು. ಎಪ್ಪತ್ತೆರಡು ವರ್ಷ, ಸಕ್ಕರೆ ಕಾಯಿಲೆ, ಮೊಮ್ಮಗಳ ಶೂ. ನೀರಿಗೆ ಇಳಿಯಬಾರದು ಎಂಬ ಬೋರ್ಡು ಇದೆ ಎಂದು ಕೂಗಿದೆ. ನಾನು ಇಳಿಯುವುದಿಲ್ಲ, ಕೂರುತ್ತೇನೆ ಎಂದು ಒದ್ದೆ ಕಲ್ಲಿನ ಮೇಲೆ ಕೂತರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಕೋಲಿನ ಡೊಂಕು ಹಿಡಿಯನ್ನು ಜೊಂಡಿಗೆ ಹಾಕಿ ದಾರವನ್ನು ಹತ್ತಿರ ತಂದರು. ಆಮೇಲೆ ಬಾವಿಯ ಹಗ್ಗ ಸೇದುವ ಹಾಗೆ, ಅವಸರವಿಲ್ಲದೆ, ಒಂದು ಕೈ ಬಿಟ್ಟು ಇನ್ನೊಂದು ಕೈ ಎಳೆದರು. ಮೀನು ಬಂತು. ಅದೇ ಮೀನು. ದಾರ ಸುತ್ತಿಕೊಂಡಿದ್ದ ಕಡೆ ಮೈಯ ಹುರುಪೆ ಎದ್ದು ಬೆಳ್ಳಗಾಗಿತ್ತು.

ಅವರು ನನ್ನ ಕಡೆ ತಿರುಗದೆ ಕೈ ಹಿಂದಕ್ಕೆ ಚಾಚಿದರು.

"ಕೊಡ ಇಲ್ಲೆ."

"ಏನು ಅತ್ತೆ?"

"ಆ ಚಿಮಟಾ. ಡಿಕ್ಕ್ಯಾಗ ಕೋಲಿನ ಜೋಡಿ ಇಟಗೊಂಡಿದ್ದಿ, ಈ ವಾರ ಚೀಲದಾಗ ಇಟಗೊಂಡ ಅಡ್ಡಾಡಾಕತ್ತಿ."

ಬೇಸಿಗೆಯಲ್ಲೊಮ್ಮೆ ಭಾನುವಾರದ ಯೋಗಾಕ್ಕೆ ಮ್ಯಾಟು ತರಲು ಮೊಮ್ಮಗಳು ಕಳಿಸಿದ್ದಳಂತೆ, ಆಗಲೇ ನೋಡಿದ್ದರಂತೆ. ಹಾಗಾದರೆ ಆ ಶಾಪ ಯಾರಿಗೆ ಹಾಕಿದ್ದೆಂದು ಅವರಿಗೆ ಹಾಕುವಾಗಲೇ ಗೊತ್ತಿತ್ತು. ಚೀಲದಿಂದ ಚಿಮಟ ತೆಗೆದು ಅವರ ಕೈಯಲ್ಲಿಟ್ಟೆ. ಒಂದು ವಾರದಿಂದ ಅದನ್ನು ಹೊತ್ತುಕೊಂಡು ಯಾಕೆ ತಿರುಗುತ್ತಿದ್ದೆನೋ, ಅದು ನನಗೇ ಸರಿಯಾಗಿ ಗೊತ್ತಿರಲಿಲ್ಲ.

ನಾನು ಕೊಕ್ಕೆ ತೆಗೆಯುತ್ತೇನೆ, ನೀನು ಹಿಡಿ ಎಂದರು. ನನ್ನಿಂದ ಆಗುವುದಿಲ್ಲ ಎಂದೆ. ನಿಜವಾಗಿಯೂ ಅಳು ಬಂದಿತ್ತು. ಅವರು ಆಗ ನನ್ನ ಮುಖ ನೋಡಿದರು. ಆ ಮುಖದಲ್ಲಿ ಕರುಣೆ ಇತ್ತು ಎಂದು ಬರೆದರೆ ಸುಳ್ಳಾಗುತ್ತದೆ.

"ನೀ ಹಿಡದದ್ದೈತಿ. ನೀನ ಹಿಡಿ."

ಮುದುಕ ಹೇಳಿದ್ದು ನೆನಪಾಗಿ ಕೈ ಒದ್ದೆ ಮಾಡಿಕೊಂಡೆ. ಹಿಡಿದೆ. ತಣ್ಣಗಿತ್ತು, ಜಾರುತ್ತಿತ್ತು, ಒಳಗೆ ಗಟ್ಟಿಯಾಗಿತ್ತು. ಕಿವಿರು ನನ್ನ ಹೆಬ್ಬೆರಳಿನ ಕೆಳಗೆ ತೆರೆಯಿತು, ಮುಚ್ಚಿತು. ಅತ್ತೆ ಎಷ್ಟೋ ಎಮ್ಮೆಗಳ ಬಸಿರೊಳಗೆ ಕೈ ಹಾಕಿ ಕರು ತಿರುಗಿಸಿ ಎಳೆದವರು. ಎಡಗೈಯಿಂದ ಮೀನಿನ ದವಡೆ ಹಿಡಿದು, ಬಾಯಿಯೊಳಗೆ ಇಣುಕಿ, ಗಾಳವನ್ನು ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗಿಸಿ ತೆಗೆದರು. ಒಂದು ನಿಮಿಷವೂ ಆಗಲಿಲ್ಲ. ಬಗ್ಗಿದಾಗ ಅವರ ಎದೆಯ ಮೇಲಿನ ಲಿಂಗದ ಕರಡಿಗೆ ಹೊರಗೆ ಬಂದು ಮೀನಿನ ಮೈಗೆ ತಾಗಿತು. ಅವರು ಅದನ್ನು ಗಮನಿಸಿದರು. ಕೆಲಸ ನಿಲ್ಲಿಸಲಿಲ್ಲ.

"ತಿನ್ನೂದಿಲ್ಲ, ಕೊಲ್ಲೂದಿಲ್ಲ. ಮತ್ತ ಯಾಕ ಬರತಿ ಇಲ್ಲೆ?"

ಸುಳ್ಳು ಹುಡುಕಲು ಹೊತ್ತಿರಲಿಲ್ಲ, ಕೈಯಲ್ಲಿ ಮೀನಿತ್ತು. "ಒಂದು ಗಂಟೆ ಯಾರೂ ನನ್ನ ಕರೀಬಾರ್ದು ಅಂತ," ಎಂದೆ.

"ಅದಕ್ಕ ಇದರ ಬಾಯಾಗ ಕೊಕ್ಕಿ ಹಾಕಬೇಕಾತೇನು?"

ಕೈ ಬಿಟ್ಟೆ. ಮೀನು ಸ್ವಲ್ಪ ಹೊತ್ತು ಮಗ್ಗುಲಲ್ಲೇ ತೇಲಿತು. ಆಮೇಲೆ ನೆಟ್ಟಗಾಯಿತು, ಬಾಲ ಆಡಿಸಿತು, ಜೊಂಡಿನ ಆಚೆ ಕಾಣದಾಯಿತು. ಬದುಕಿತೋ ಇಲ್ಲವೋ ನನಗೆ ಗೊತ್ತಿಲ್ಲ. ಅತ್ತೆ ಬೆಂಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಗಿಳಿಹಸಿರು ಗಂಟುಗಳ ಮೇಲೆ ಅವರ ಉಗುರು ನಿಂತಿತು. ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡರು.

ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು ಪೂಜೆಗೆ ಕೂತವರು ಮಧ್ಯಾಹ್ನದವರೆಗೆ ಏಳಲಿಲ್ಲ. ಮಗ ಕೇಳಿದ್ದಕ್ಕೆ ಕಾಲು ಜಾರಿ ಕೆಸರಾಯಿತು ಎಂದರು. ನಾನು ಕಾದೆ. ಅವತ್ತು ಹೇಳಲಿಲ್ಲ, ಮರುದಿನ ಹೇಳಲಿಲ್ಲ. ಹೇಳುವುದಿಲ್ಲ ಎಂದೂ ಹೇಳಲಿಲ್ಲ. ಬೆಂಡು ಅವರ ಹತ್ತಿರ ಇತ್ತು. ಅವರು ಸ್ನಾನಕ್ಕೆ ಹೋದಾಗ ಅವರ ರೂಮು ಹುಡುಕಿದೆ. ಟ್ರಂಕಿನ ಬಟ್ಟೆಗಳ ಮಡಿಕೆ, ದಿಂಬಿನ ಚೀಲ, ವಿಭೂತಿಯ ಡಬ್ಬಿ. ಸಿಗಲಿಲ್ಲ. ಒಂದು ದಿನ ಸಿಕ್ಕಿಬಿದ್ದೆ. ಅವರು ಬಾಗಿಲಲ್ಲಿ ನಿಂತು, ಇಲಿ ಹುಡುಕುತ್ತಿದ್ದೀಯಾ ಎಂದರು.

ಮುದುಕ ಮರಳಿ ಬಂದಾಗ ಅವನಿಗೆ ನಾನೇ ಹೇಳಿದೆ. ಗಂಟಿನಿಂದ ಹಿಡಿದು ಎಲ್ಲವನ್ನೂ. ಅವನು ಬಯ್ಯಲಿಲ್ಲ. ಕೊಟ್ಟ ಮೂರು ಬೆಂಡುಗಳಲ್ಲಿ ಉಳಿದವನ್ನು ವಾಪಸ್ ಕೇಳಿ ಪಡೆದು, ಪೆಟ್ಟಿಗೆಯಲ್ಲಿ ಹಾಕಿ, ಮುಚ್ಚಳ ಹಾಕಿದ. ಆಮೇಲೆ ಅವನು ನನ್ನ ಜತೆ ಮಾತಾಡಿದ್ದು ಒಂದು ತಿಂಗಳ ನಂತರ, ಅದೂ ನೆರಳಿನ ವಿಷಯಕ್ಕೆ.

ನಾನೂ ಸುಮ್ಮನೆ ಕೂತವಳಲ್ಲ. ಅತ್ತೆ ಬಾಯಿ ಬಿಟ್ಟರೆ ನನ್ನ ಬಾಯಲ್ಲೂ ಒಂದು ಮಾತು ಸಿದ್ಧವಾಗಿತ್ತು. ಲಿಂಗ ಕಟ್ಟಿಕೊಂಡ ಮೈಯಲ್ಲಿ, ಪೂಜೆಗೆ ಮುಂಚೆ, ನಿಮ್ಮ ಅವ್ವ ಮೀನಿನ ಬಾಯಿಗೆ ಕೈ ಹಾಕಿದರು, ಕರಡಿಗೆಗೆ ಲೋಳೆ ಮೆತ್ತಿಕೊಂಡಿತು. ಊರಿನಲ್ಲಿ ಮಠದ ಸ್ವಾಮಿಗಳ ಎದುರು ನೆಲಕ್ಕೆ ಕೂರುವ ಹೆಂಗಸಿಗೆ ಇದು ಎಷ್ಟು ದೊಡ್ಡದೆಂದು ನನಗೆ ಗೊತ್ತಿತ್ತು. ಅದಕ್ಕೇ ಅದನ್ನು ಹರಿತ ಮಾಡಿಟ್ಟುಕೊಂಡಿದ್ದೆ. ಪಾತ್ರೆ ತೊಳೆಯುವಾಗ, ಕಾರು ಓಡಿಸುವಾಗ, ಆ ವಾಕ್ಯವನ್ನು ಬೇರೆ ಬೇರೆ ರೀತಿಯಲ್ಲಿ ಹೇಳಿ ನೋಡಿಕೊಳ್ಳುತ್ತಿದ್ದೆ. ಮೂರು ತಿಂಗಳು ಒಂದೇ ಮನೆಯಲ್ಲಿ ನಾವಿಬ್ಬರೂ ಹೀಗೆ ಕಳೆದೆವು. ಒಂದು ಬದಲಾವಣೆ ಮಾತ್ರ ಆಗಿತ್ತು, ಅದನ್ನು ನಾನು ಬಹಳ ತಡವಾಗಿ ಗಮನಿಸಿದೆ: ಮೀಟಿಂಗ್ ನಡೆಯುವಾಗ ಅವರು ನನ್ನನ್ನು ಕರೆಯುವುದನ್ನು ನಿಲ್ಲಿಸಿದ್ದರು. ಹಂಚು ಕಾಯದಿದ್ದರೆ ಗ್ಯಾರೇಜಿನ ಬಾಗಿಲು ಬಡಿಯುತ್ತಿದ್ದರು.

ಡಿಸೆಂಬರಿನಲ್ಲಿ ಟಿಕೆಟ್ ಸಿಕ್ಕಿತು. ಮತ್ತೆ ಲಾಸ್ ಏಂಜಲೀಸ್. ಏರ್‌ಪೋರ್ಟಿನ ಹೊರಗೆ ಕಾರು ನಿಲ್ಲಿಸಿ ಗಂಡ ಟ್ರಾಲಿ ತರಲು ಹೋದ. ಅತ್ತೆ ಮಾಸ್ಕು, ಅದರ ಮೇಲೆ ಪ್ಲಾಸ್ಟಿಕ್ಕಿನ ಮುಖವಾಡ ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಬಿಸ್ಕತ್ತಿನ ಡಬ್ಬಿ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಡಬ್ಬಿಯ ಮುಚ್ಚಳ ತೆಗೆದರು. ನೂಲುಗಳ ಕೆಳಗಿನಿಂದ ಕೆಂಪು ತುದಿ ಹೊರಗೆ ಬಂತು. ಆ ಡಬ್ಬಿಯೊಂದನ್ನು ಮಾತ್ರ ನಾನು ಹುಡುಕಿರಲಿಲ್ಲ, ನಾನೇ ನೂಲು ಕದ್ದ ಜಾಗ ಅಂತಲೋ ಏನೋ. ಗಂಡ ಟ್ರಾಲಿ ತಳ್ಳಿಕೊಂಡು ಬರುತ್ತಿದ್ದದ್ದು ಕನ್ನಡಿಯಲ್ಲಿ ಕಾಣುತ್ತಿತ್ತು. ಈಗ ತೋರಿಸುತ್ತಾರೆ, ಹೊರಡುವ ಹೊತ್ತಿಗೆಂದೇ ಇಟ್ಟುಕೊಂಡಿದ್ದರು ಎಂದುಕೊಂಡು ನಾನು ನನ್ನ ವಾಕ್ಯವನ್ನು ಬಾಯಿಗೆ ತಂದುಕೊಂಡೆ.

ಅವರು ಬೆಂಡನ್ನು ಮುಂದಿನ ಸೀಟಿನ ಸಂದಿಯಿಂದ ನನ್ನ ಕೈಗೆ ಕೊಟ್ಟರು.

"ಗಂಟ ಬಿಚ್ಚೇನಿ. ಮತ್ತ ಕಟ್ಟಬ್ಯಾಡ."

ಅವರು ಕತ್ತರಿಸಿರಲಿಲ್ಲ, ಸೂಜಿಯಿಂದ ಬಿಡಿಸಿದ್ದರು. ಅಷ್ಟುದ್ದದ ರೇಷ್ಮೆ ನೂಲನ್ನು ದಂಡ ಮಾಡುವವರಲ್ಲ. ಅದು ಮತ್ತೆ ಉಂಡೆಗೆ ಸುತ್ತಿಕೊಂಡಿತ್ತು. ನಾನು ಥ್ಯಾಂಕ್ಸ್ ಹೇಳಲಿಲ್ಲ, ಅವರೂ ಕಾಯಲಿಲ್ಲ. ಗಂಡ ಬಾಗಿಲು ತೆರೆದ, ಅವರು ಇಳಿದರು, ಕಾಲಿಗೆ ನಮಸ್ಕಾರ ಮಾಡಿದ ನನ್ನ ತಲೆಯ ಮೇಲೆ ಕೈಯಿಡುವಂತೆ ಮಾಡಿ ಇಡದೆ ಒಳಗೆ ಹೋದರು.

ವಾಪಸ್ ಬರುವಾಗ ಬೆಂಡು ನನ್ನ ಮಡಿಲಲ್ಲಿತ್ತು. ಕಾರ್ಲ್ಸ್‌ಬಾಡ್ ಹತ್ತಿರ ಬಲಗಡೆ ಸಮುದ್ರ ಕಾಣುವ ಜಾಗದಲ್ಲಿ ಅದನ್ನು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟೆ. ಅದೇನು ಎಂದು ಗಂಡ ಕೇಳಿದ. ಹೇಳಿದೆ. ಕೋಲು, ಲೈಸೆನ್ಸು, ಹಿಟ್ಟು, ಮುದುಕ, ಕತ್ತರಿಸಿದ ದಾರ, ಎಂಟು ದಿನ ಕೆರೆಯಲ್ಲಿ ತಿರುಗಿದ ಕೆಂಪು ತುದಿ, ಕೊನೆಗೆ ಮೀನನ್ನು ನಾನು ಕೈಯಾರೆ ಹಿಡಿದು ಬಿಟ್ಟದ್ದು. ಅವನು ನಗಲಿಲ್ಲ. ಮುಖ ಕಪ್ಪಿಟ್ಟಿತು. ಎರಡು ಎಕ್ಸಿಟ್ ದಾಟಿದ ಮೇಲೆ, ಆ ಕೈಯಲ್ಲೇ ನೈವೇದ್ಯದ ಪಾತ್ರೆ ಮುಟ್ಟುತ್ತಿದ್ದೆಯಲ್ಲ ಎಂದ. ಇನ್ನೂ ಏನೇನೋ ಅಂದ, ಅವನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ನಾನು ಬೆಂಡನ್ನು ನೋಡುತ್ತ ಕೇಳಿಸಿಕೊಂಡೆ. ಅಷ್ಟಾದರೂ ನಾಳೆ ಬೆಳಿಗ್ಗೆ ಆರಕ್ಕೆ ಹೋಗುತ್ತೇನೆ, ಬಲೆ ತಗೊಂಡು, ಹೇಳಿಯೇ ಹೋಗುತ್ತೇನೆ ಎಂದೆ.

ಮನೆಯ ಬೀದಿಗೆ ತಿರುಗುವಾಗ ಅವನು ಕೊನೆಯದಾಗಿ ಕೇಳಿದ. "ಇದೆಲ್ಲಾ ಅವ್ವಗ ಗೊತ್ತಿತ್ತೇನು?"

ಮೂರು ತಿಂಗಳಿಂದ ಹರಿತ ಮಾಡಿಟ್ಟುಕೊಂಡಿದ್ದ ಮಾತಿಗೆ ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ.

"ಇಲ್ಲ," ಎಂದೆ.